ಬಳ್ಳಾರಿ ಬಿಸಿಲಿಗೆ ಯಾವ ತೆಳು ಲ್ಯಾಪ್‌ಟಾಪ್?

ಹೋದ ಮೇ ತಿಂಗಳಲ್ಲಿ ಒಂದು ಲ್ಯಾಪ್‌ಟಾಪಿನ ಹಿಂಬದಿ ಮುಚ್ಚಳ ಬಿಚ್ಚಿದೆ. ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಲೆಕ್ಕಕ್ಕೆ ಇಟ್ಟಿದ್ದ ಮಷಿನ್ ಅದು. ಮೂರು ವರ್ಷ ಹಳೆಯದು. ಹೊರಗಿಂದ ಚೆನ್ನಾಗಿಯೇ ಇತ್ತು, ಆದರೆ ಟ್ಯಾಲಿ ಅನ್ನುವ ಲೆಕ್ಕದ ಪ್ರೋಗ್ರಾಂ ತೆರೆದ ಹತ್ತೇ ನಿಮಿಷಕ್ಕೆ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಒಳಗೆ ನೋಡಿದರೆ, ಬಿಸಿಗಾಳಿ ಹೊರಹೋಗುವ ಸಣ್ಣ ಜಾಲರಿಯ ಹಿಂದೆ ಒಂದು ನೀಲಿ ಪಟ್ಟಿ. ಚಿಮಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬಂತು. ಬೆರಳುದ್ದ ಇತ್ತು, ಕಂಬಳಿಯ ಅಂಚು ಕತ್ತರಿಸಿ ಇಟ್ಟ ಹಾಗೆ. ಡೆನಿಮ್ ಬಟ್ಟೆಯ ಜೂಲು ಮೂರು ವರ್ಷ ಕೂತು ಕೂತು ಹಾಗಾಗಿತ್ತು. ಅದನ್ನು ತೆಗೆದು, ಚಿಪ್ಪಿನ ಮೇಲೆ ಒಣಗಿದ್ದ, ಕಾವು ಹೊರಹಾಕುವ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಮಷಿನ್ ಸುಮ್ಮನಾಯಿತು.

ಯಾವ ಲ್ಯಾಪ್‌ಟಾಪ್ ತಗೊಳ್ಳಲಿ ಅಂತ ಯಾರು ಕೇಳಿದರೂ ನನಗೆ ಆ ನೀಲಿ ಪಟ್ಟಿ ನೆನಪಾಗುತ್ತದೆ. ನನ್ನ ಕೆಲಸ ಲೆಕ್ಕ ಬರೆಯುವುದು. ಬಳ್ಳಾರಿಯಲ್ಲಿ ನಾಲ್ಕೈದು ಜೀನ್ಸ್ ಯೂನಿಟ್, ಸಿರುಗುಪ್ಪದ ಕಡೆ ಎರಡು ರೈಸ್ ಮಿಲ್. ಓಡಾಟವೆಲ್ಲ ಬೈಕಿನಲ್ಲಿ, ಬೆನ್ನ ಮೇಲೆ ಬ್ಯಾಗು. ಹಾಗಾಗಿ ತೆಳು ಲ್ಯಾಪ್‌ಟಾಪ್ ಶೋಕಿಗೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಎರಡೂವರೆ ಕೆಜಿ ಮಷಿನ್ನು, ಅದರ ಇಟ್ಟಿಗೆಯಂಥ ಚಾರ್ಜರು ಹೊತ್ತು ಸಿರುಗುಪ್ಪಕ್ಕೆ ಹೋಗಿ ಬಂದರೆ ಭುಜಕ್ಕೇ ಗೊತ್ತು.

ಅಕ್ಕನ ಮಗ ಈ ಸಲ ಬಿ.ಕಾಂ ಮುಗಿಸಿ ನನ್ನ ಜೊತೆ ಕೆಲಸಕ್ಕೆ ಬರಲು ಶುರು ಮಾಡಿದ್ದಾನೆ. ಮೊನ್ನೆ ಕೇಳಿದ: "ಮಾಮಾ, ತೆಳ್ಳಗಿರಬೇಕು, ಫಾಸ್ಟ್ ಇರಬೇಕು, ಹತ್ತು ವರ್ಷ ಬರಬೇಕು. ಯಾವುದು ತಗೊಳ್ಲಿ?"

"ಹಂಗಾದ್ರೆ ಮೂರು ಲ್ಯಾಪ್‌ಟಾಪ್ ತಗೋ" ಅಂದೆ.

ತೆಳ್ಳಗೆ ಮಾಡಬೇಕೆಂದರೆ ಒಳಗಿಂದ ಏನನ್ನಾದರೂ ತೆಗೆಯಲೇಬೇಕು. ಒಬ್ಬರು ಫ್ಯಾನ್ ತೆಗೆಯುತ್ತಾರೆ. ಒಬ್ಬರು ರ‍್ಯಾಮ್ (ಕೆಲಸದ ಮೆಮೊರಿ) ಸಿಕ್ಕಿಸುವ ಸ್ಲಾಟ್ ತೆಗೆದು ರ‍್ಯಾಮನ್ನು ಬೋರ್ಡಿಗೇ ಬೆಸೆಯುತ್ತಾರೆ. ಇನ್ನೊಬ್ಬರು ಬ್ಯಾಟರಿ ಚಿಕ್ಕದು ಮಾಡುತ್ತಾರೆ, ಪೋರ್ಟ್ ಕಡಿಮೆ ಮಾಡುತ್ತಾರೆ. ಅಂಗಡಿಯವರು ಒಳಗೆ ಏನಿದೆ ಅಂತ ಹೇಳುತ್ತಾರೆ, ಏನಿಲ್ಲ ಅಂತ ನಾವೇ ಕೇಳಬೇಕು.

ಅದಕ್ಕೂ ಮುಂಚೆ ಆಪರೇಟಿಂಗ್ ಸಿಸ್ಟಂ ತೀರ್ಮಾನ ಆಗಬೇಕು. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಮಷಿನ್ ಇಷ್ಟಪಟ್ಟು, ಆಮೇಲೆ ತಮ್ಮ ಕೆಲಸ ಅದರಲ್ಲಿ ನಡೆಯುತ್ತಾ ಅಂತ ನೋಡುತ್ತಾರೆ.

ಟ್ಯಾಲಿ, ನುಡಿ, ಟೋಕನ್

ನಮ್ಮ ಕಡೆ ಆಫೀಸ್ ಕೆಲಸ ಅಂದರೆ ಈ ಮೂರು. ಟ್ಯಾಲಿಪ್ರೈಮ್ ವಿಂಡೋಸ್‌ಗೆ ಮಾಡಿದ ಪ್ರೋಗ್ರಾಂ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವೂ ವಿಂಡೋಸ್‌ನಲ್ಲೇ ಬೆಳೆದದ್ದು. ಮೂರನೆಯದು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಜನ ಡಿಎಸ್‌ಸಿ ಅನ್ನುತ್ತಾರೆ. ಪ್ರೊಪ್ರೈಟರ್‌ಗಳು ಜಿಎಸ್‌ಟಿ ರಿಟರ್ನನ್ನು ಒಟಿಪಿಯಲ್ಲಿ ಮುಗಿಸಬಹುದು. ಕಂಪನಿ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆದರೆ ಟೋಕನ್ ಚುಚ್ಚಲೇಬೇಕು. ಟೆಂಡರ್ ಹಾಕುವವರಿಗೂ ಅಷ್ಟೇ.

ಈ ಮೂರರಲ್ಲಿ ಎರಡು ನಿಮ್ಮ ದಿನದ ಕೆಲಸವಾಗಿದ್ದರೆ ಇಂಟೆಲ್ ಅಥವಾ ಎಎಂಡಿ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್ ತಗೊಳ್ಳಿ, ಮುಂದಿನ ಐದು ಪ್ಯಾರಾ ಬಿಟ್ಟುಬಿಡಿ. ಬೇಜಾರಿನ ಸಲಹೆ ನಿಜ. ಆದರೆ ತಿಂಗಳ 20ನೇ ತಾರೀಖು ರಾತ್ರಿ ರಿಟರ್ನ್ ಹಾಕುವಾಗ ಸೊಗಸು ಯಾರಿಗೆ ಬೇಕು?

ವಿಂಡೋಸ್‌ನಲ್ಲೇ ಈಗ ಎರಡು ಜಾತಿ ಇದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. 2024ರ ಜೂನ್‌ನಿಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ಪಿನ ತೆಳು ಲ್ಯಾಪ್‌ಟಾಪ್‌ಗಳು ಬರುತ್ತಿವೆ. ಮೊಬೈಲ್‌ಗಳಲ್ಲಿ ಇರುವಂಥ ಎಆರ್‌ಎಂ ಜಾತಿಯ ಚಿಪ್ಪು ಅದು. ಬ್ಯಾಟರಿ ಬಹಳ ಹೊತ್ತು ಬರುತ್ತದೆ, ಬಿಸಿ ಕಡಿಮೆ. ನೋಡೋಕೆ, ಬಳಸೋಕೆ ಅದೇ ವಿಂಡೋಸ್ 11. ಇಂಟೆಲ್‌ಗೆ ಬರೆದ ಪ್ರೋಗ್ರಾಂಗಳನ್ನು ಒಳಗೊಳಗೇ ತರ್ಜುಮೆ ಮಾಡಿ ನಡೆಸಲು ಪ್ರಿಸಂ ಅನ್ನುವ ವ್ಯವಸ್ಥೆ ಇದೆ, ಹೆಚ್ಚಿನವು ನಡೆಯುತ್ತವೆ. ಎಡವುವುದು ಡ್ರೈವರ್ ಹತ್ತಿರ, ಅಂದರೆ ಹೊರಗಿಂದ ಸಿಕ್ಕಿಸುವ ಸಾಧನವನ್ನು ವಿಂಡೋಸ್‌ಗೆ ಗೊತ್ತುಮಾಡುವ ಸಣ್ಣ ಪ್ರೋಗ್ರಾಂ. ಪ್ರೋಗ್ರಾಮನ್ನು ತರ್ಜುಮೆ ಮಾಡುವಂತೆ ಡ್ರೈವರನ್ನು ಮಾಡಲು ಬರುವುದಿಲ್ಲ, ಅದನ್ನು ಎಆರ್‌ಎಂಗೆಂದೇ ಬರೆದಿರಬೇಕು. ರೈಸ್ ಮಿಲ್ಲಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ನ ತೂಕ ಕಂಪ್ಯೂಟರಿಗೆ ಬರುವುದು ಸೀರಿಯಲ್ ಕೇಬಲ್‌ಗೆ ಒಂದು ಯುಎಸ್‌ಬಿ ಕನ್ವರ್ಟರ್ ಸಿಕ್ಕಿಸಿ. ಆ ಕನ್ವರ್ಟರಿಗೆ ಒಂದು ಡ್ರೈವರ್. ಚೀಟಿ ಹೊಡೆಯುವ ಹಳೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಇನ್ನೊಂದು. ಟೋಕನ್‌ಗೆ ಮತ್ತೊಂದು. ಮೂರರಲ್ಲಿ ಒಂದು ಕೈಕೊಟ್ಟರೂ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಸ್ನ್ಯಾಪ್‌ಡ್ರ್ಯಾಗನ್ ಮೇಲೆ ಮನಸ್ಸಿದ್ದರೆ ಟೋಕನ್ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ. ಡೆಮೊ ಮಷಿನ್‌ಗೆ ಚುಚ್ಚಿ ನೋಡಲು ಬಿಡದಿದ್ದರೆ ವಾಪಸ್ ಬನ್ನಿ.

ಆಪಲ್‌ನ ಮ್ಯಾಕ್‌ಬುಕ್ ಏರ್ ವಿಷಯಕ್ಕೆ ಬರೋಣ. 2025ರ ಮಾರ್ಚ್‌ನಲ್ಲಿ ಎಂ4 ಚಿಪ್ಪಿನದು 99,900 ರೂಪಾಯಿಗೆ ಬಂತು, 16 ಜಿಬಿ ಮೆಮೊರಿ, ತೂಕ 1.24 ಕೆಜಿ. ಬಳಸಿದವರು ಹೊಗಳುತ್ತಾರೆ, ಹೊಗಳುವುದರಲ್ಲಿ ಸುಳ್ಳಿಲ್ಲ. ಟ್ಯಾಲಿ ಬೇಕೆಂದರೆ ಮಾತ್ರ ಸುತ್ತುದಾರಿ. ಮ್ಯಾಕ್ ಒಳಗೆ ಬೇರೆ ಸಿಸ್ಟಂ ನಡೆಸುವ ಪ್ಯಾರಲಲ್ಸ್ ಅನ್ನುವ ಪ್ರೋಗ್ರಾಂ ಹಾಕಬೇಕು, ಅದರೊಳಗೆ ಎಆರ್‌ಎಂ ವಿಂಡೋಸ್, ಅದರೊಳಗೆ ಪ್ರಿಸಂ, ಅದರ ಮೇಲೆ ಟ್ಯಾಲಿ. ಮನೆಗೆ ಹೋಗೋಕೆ ನಾಲ್ಕು ಬಾಗಿಲು ದಾಟಿದಂತೆ. ದಾಟಬಹುದು, ಆದರೆ ಪ್ಯಾರಲಲ್ಸ್‌ಗೂ ದುಡ್ಡು, ವಿಂಡೋಸ್‌ಗೂ ದುಡ್ಡು.

ನುಡಿಯದ್ದು ಬೇರೆ ಕಥೆ. ಕೋರ್ಟು, ಡಿ.ಸಿ. ಆಫೀಸಿನ ಸುತ್ತಲಿನ ಟೈಪಿಂಗ್ ಅಂಗಡಿಗಳಿಂದ ಬರುವ ಹಳೆ ವರ್ಡ್ ಫೈಲುಗಳು ಎಲ್ಲ ಮಷಿನ್‌ಗೂ ಅರ್ಥವಾಗುವ ಯುನಿಕೋಡ್ ಸಂಕೇತದಲ್ಲಿ ಇರುವುದಿಲ್ಲ, ನುಡಿಯ ಹಳೆ ಫಾಂಟ್‌ನಲ್ಲಿ ಇರುತ್ತವೆ. ಆ ಫಾಂಟ್ ಇಲ್ಲದ ಮಷಿನ್‌ನಲ್ಲಿ ತೆರೆದರೆ, ತಲೆ ಮೇಲೆ ಟೊಪ್ಪಿಗೆ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣಿಸುತ್ತದೆ. ಫಾಂಟ್ ಹಾಕಿಕೊಂಡರೆ ಮ್ಯಾಕ್, ಲಿನಕ್ಸ್ (ವಿಂಡೋಸ್ ಬದಲು ಹಾಕಿಕೊಳ್ಳುವ ಉಚಿತ ಸಿಸ್ಟಂ) ಎರಡರಲ್ಲೂ ಓದಬಹುದು. ತಿದ್ದಿ ವಾಪಸ್ ಕಳಿಸುವುದೇ ಕಷ್ಟ. ಬರೀ ಯುನಿಕೋಡ್ ಕನ್ನಡ ಟೈಪಿಸುವುದಾದರೆ ಈಗ ಯಾವ ಸಿಸ್ಟಂನಲ್ಲೂ ತೊಂದರೆ ಇಲ್ಲ. ವಿಂಡೋಸ್‌ನಲ್ಲಿ ಕನ್ನಡ ಫೋನೆಟಿಕ್ ಕೀಲಿಮಣೆ ಬಂದು ವರ್ಷಗಳಾದವು. ಲಿನಕ್ಸ್‌ನಲ್ಲಿ ಕೆಜಿಪಿ ಅನ್ನುವ ಆಯ್ಕೆ ಸಿಗುತ್ತದೆ. ಅದು ಕೆ.ಪಿ. ರಾವ್ ರೂಪಿಸಿದ ವಿನ್ಯಾಸ, ನುಡಿಯಲ್ಲಿ ಕುಟ್ಟಿ ಅಭ್ಯಾಸ ಆದ ಬೆರಳು ಹೊಸದೇನೂ ಕಲಿಯಬೇಕಿಲ್ಲ.

ಲಿನಕ್ಸ್ ಹೊಸ ಮಷಿನ್‌ಗಿಂತ ಹಳೆಯದಕ್ಕೆ ವರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಇಂಟೆಲ್ 8ನೇ ಜನರೇಷನ್‌ಗಿಂತ ಹಳೆಯದಾಗಿದ್ದರೆ ಬಹುತೇಕ ಮಷಿನ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಅಂಥದ್ದು ಮನೆಯಲ್ಲಿದ್ದರೆ ಲಿನಕ್ಸ್ ಮಿಂಟ್ ಹಾಕಿ ಮಕ್ಕಳ ಓದಿಗೆ ಕೊಡಿ, ಗುಜರಿಗೆ ಹಾಕಬೇಡಿ. ತೀರಾ ಹೊಸ ತೆಳು ಮಷಿನ್‌ಗೆ ಲಿನಕ್ಸ್ ಹಾಕುವವರು ಮಾತ್ರ ಕ್ಯಾಮೆರಾ, ಬೆರಳಚ್ಚು, ಸ್ಲೀಪ್ ಈ ಮೂರನ್ನು ಮೊದಲು ವಿಚಾರಿಸಿಕೊಳ್ಳಿ. ಕೊನೆಗೆ ಕೈಕೊಡುವುದು ಇವೇ.

ಗೂಗಲ್‌ನ ಸಿಸ್ಟಂ ಇರುವ ಕ್ರೋಮ್‌ಬುಕ್ ಬಗ್ಗೆ ಒಂದೇ ಮಾತು. ಹತ್ತು ವರ್ಷ ಅಪ್‌ಡೇಟ್ ಕೊಡುತ್ತಾರೆ, ಬೆಲೆ ಕಡಿಮೆ, ಶಾಲೆ ಮಕ್ಕಳಿಗೆ ಸಾಕು. ಟ್ಯಾಲಿ ಮರೆತುಬಿಡಿ.

ಫ್ಯಾನ್ ಇದ್ದರೆ ಜೂಲು, ಇಲ್ಲದಿದ್ದರೆ ಕಾವು

ಇಲ್ಲಿ ನನಗೆ ನಿಜವಾಗಿಯೂ ಎರಡು ಮನಸ್ಸು.

ಮ್ಯಾಕ್‌ಬುಕ್ ಏರ್‌ನಲ್ಲಿ 2020ರ ಎಂ1ನಿಂದಲೂ ಫ್ಯಾನ್ ಇಲ್ಲ. ಇಂಟೆಲ್ ಎನ್100ನಂಥ ಕಡಿಮೆ ಶಕ್ತಿಯ ಚಿಪ್ಪಿನ ಕೆಲವು ಅಗ್ಗದ ವಿಂಡೋಸ್ ಮಷಿನ್‌ಗಳಲ್ಲೂ ಇರುವುದಿಲ್ಲ. ಫ್ಯಾನ್ ಇಲ್ಲ ಅಂದರೆ ಗಾಳಿ ಎಳೆಯುವುದಿಲ್ಲ, ಗಾಳಿ ಎಳೆಯದಿದ್ದರೆ ಜೂಲು, ತೌಡು, ಧೂಳು ಒಳಗೆ ಬರುವುದಿಲ್ಲ. ಜೀನ್ಸ್ ಯೂನಿಟ್ಟಿಗೆ ಇದಕ್ಕಿಂತ ಒಳ್ಳೆಯದು ಏನಿದೆ ಅಂತ ಮೊದಲು ಅನ್ನಿಸುತ್ತದೆ.

ಆಮೇಲೆ ಏಪ್ರಿಲ್ ಬರುತ್ತದೆ. ನಮ್ಮಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ತಗಡಿನ ಶೆಡ್ಡಿನ ಒಳಗೆ, ಇಸ್ತ್ರಿ ಟೇಬಲ್ಲಿನ ಪಕ್ಕ ಎಷ್ಟಿರುತ್ತದೆ ಅಂತ ಅಳೆಯೋಕೆ ಹೋಗಬೇಡಿ. ಆಪಲ್ ತನ್ನ ಲ್ಯಾಪ್‌ಟಾಪ್‌ಗಳಿಗೆ ಬರೆದುಕೊಟ್ಟಿರುವ ಬಳಕೆಯ ಉಷ್ಣತೆ 10ರಿಂದ 35 ಡಿಗ್ರಿ. ಬಳ್ಳಾರಿ, ರಾಯಚೂರಿನ ಬೇಸಿಗೆ ಮಧ್ಯಾಹ್ನ ಎಸಿ ಇಲ್ಲದ ಕೋಣೆ ಆ ಲೆಕ್ಕದಿಂದ ಹೊರಗೆ. ಹಾಗಂತ ಮಷಿನ್ ಸುಟ್ಟುಹೋಗುವುದಿಲ್ಲ. ಚಿಪ್ಪು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಲೆಕ್ಕ ಬರೆಯುವುದು, ಮೇಲ್, ಬ್ರೌಸರ್ ಇದ್ದರೆ ಅದು ಗೊತ್ತೂ ಆಗುವುದಿಲ್ಲ, ಯಾಕೆಂದರೆ ಆ ಕೆಲಸ ಒಂದು ಕ್ಷಣ ಓಡಿ ನಿಲ್ಲುವಂಥದ್ದು. ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ ಗೊತ್ತಾಗುತ್ತದೆ. ಅರ್ಧ ಗಂಟೆ ಒಂದೇ ಸಮ ಓಡುವ ಕೆಲಸಕ್ಕೆ ಫ್ಯಾನ್ ಬೇಕೇ ಬೇಕು.

ಹಾಗಾಗಿ ಜಾಗ ಧೂಳಿನದು, ಕೆಲಸ ಮಾತ್ರ ಹಗುರ ಅನ್ನುವವರು ಫ್ಯಾನ್ ಇಲ್ಲದ್ದನ್ನು ಧೈರ್ಯವಾಗಿ ತಗೊಳ್ಳಬಹುದು. ಫ್ಯಾನ್ ಇರುವುದನ್ನು ತಗೊಂಡರೆ ಹಿಂಬದಿ ಮುಚ್ಚಳ ಸುಲಭವಾಗಿ ಬಿಚ್ಚುವಂತೆ ಇದೆಯಾ ನೋಡಿ. ಸಾದಾ ಸ್ಟಾರ್ ಸ್ಕ್ರೂ ಇದ್ದರೆ ಒಳ್ಳೆಯದು. ಕೆಲವು ಮಷಿನ್‌ಗಳಲ್ಲಿ ಎರಡು ಸ್ಕ್ರೂ ರಬ್ಬರ್ ಕಾಲಿನ ಕೆಳಗೆ ಅಡಗಿರುತ್ತವೆ, ಗೊತ್ತಿಲ್ಲದೆ ಎಳೆದರೆ ಮುಚ್ಚಳ ಸೀಳುತ್ತದೆ. ನಾನು ವರ್ಷಕ್ಕೆ ಎರಡು ಸಲ ಕ್ಲೀನ್ ಮಾಡುತ್ತೇನೆ, ಯುಗಾದಿಗೆ ಮುಂಚೆ ಒಂದು, ದೀಪಾವಳಿ ಹೊತ್ತಿಗೆ ಒಂದು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಸುಮ್ನೆ ಗಿರಗಿರ ತಿರುಗಲು ಬಿಡಬೇಡಿ. ಇನ್ನೊಂದು: ತೆಳು ಮಷಿನ್‌ಗಳು ಹೊಟ್ಟೆ ಕಡೆಯಿಂದ ಉಸಿರಾಡುತ್ತವೆ. ಕೌದಿ ಮೇಲೆ ಇಟ್ಟುಕೊಂಡು ಸಿನಿಮಾ ನೋಡಿದರೆ ಮೂಗು ಮುಚ್ಚಿದ ಹಾಗೆ.

ಬೆಸೆದ ರ‍್ಯಾಮ್

ನಾನು ಸ್ವತಃ ಪೆಟ್ಟು ತಿಂದದ್ದು ಇಲ್ಲಿ. ಕೆಲವು ವರ್ಷದ ಹಿಂದೆ ಒಂದು ಚೆಂದದ ತೆಳು ಮಷಿನ್ ತಗೊಂಡೆ, 8 ಜಿಬಿ. ಮುಂದೆ ಬೇಕಾದರೆ ಹಾಕಿಸಿಕೊಳ್ಳಬಹುದು ಅಂದರು ಅಂಗಡಿಯಲ್ಲಿ. ಎರಡು ವರ್ಷ ಬಿಟ್ಟು ಬಿಚ್ಚಿಸಿದರೆ ಸ್ಲಾಟೇ ಇಲ್ಲ. ಟ್ಯಾಲಿ, ಎಕ್ಸೆಲ್, ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ಇಷ್ಟು ತೆರೆದರೆ ಅದು ಎತ್ತಿನ ಗಾಡಿ.

ಅಂಗಡಿಯಲ್ಲೇ ಪರೀಕ್ಷಿಸುವ ಒಂದು ದಾರಿ ಇದೆ. ಡೆಮೊ ಮಷಿನ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಫಾರ್ಮ್ ಫ್ಯಾಕ್ಟರ್ ಅನ್ನುವ ಸಾಲಿನಲ್ಲಿ ಸೋಡಿಮ್ ಅಂತಿದ್ದರೆ ಬಿಚ್ಚುವ ಪಟ್ಟಿ. ರೋ ಆಫ್ ಚಿಪ್ಸ್ ಅಂತಿದ್ದರೆ ಬೆಸುಗೆ. ಕೆಲವಲ್ಲಿ ಅರ್ಧ ಬೆಸೆದು ಒಂದು ಸ್ಲಾಟ್ ಖಾಲಿ ಬಿಟ್ಟಿರುತ್ತಾರೆ, ಅದು ನನಗೆ ಇಷ್ಟದ ರಾಜಿ.

ಬೆಸೆಯುವುದು ಬರೀ ದುರಾಸೆ ಅಲ್ಲ. ಎಲ್‌ಪಿಡಿಡಿಆರ್5 ಜಾತಿಯ ಬೆಸೆದ ಮೆಮೊರಿ ಕರೆಂಟ್ ಕಡಿಮೆ ತಿನ್ನುತ್ತದೆ, ವೇಗವೂ ಜಾಸ್ತಿ. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ಮೆಮೊರಿ ಚಿಪ್ಪಿನ ಜೊತೆಗೇ ಕೂತಿದೆ, 16 ಇಲ್ಲವೇ 32 ಜಿಬಿ. ಬ್ಯಾಟರಿ ವಿಷಯದಲ್ಲಿ ಸ್ನ್ಯಾಪ್‌ಡ್ರ್ಯಾಗನ್‌ಗೆ ಸಮಸಮ ನಿಲ್ಲುವ ಇಂಟೆಲ್ ಚಿಪ್ಪು ಅದು, ಡ್ರೈವರ್ ತಲೆನೋವೂ ಇಲ್ಲ. ಬೆಸೆದಿದ್ದರೆ 16 ಜಿಬಿಗಿಂತ ಕಡಿಮೆ ಮುಟ್ಟಬೇಡಿ, ಅಷ್ಟೇ. ಫೈಲುಗಳನ್ನು ಇಡುವ ಎಸ್‌ಎಸ್‌ಡಿ ಬಗ್ಗೆ ಅಷ್ಟು ಚಿಂತೆ ಬೇಡ. ಹೆಚ್ಚಿನ ವಿಂಡೋಸ್ ಮಷಿನ್‌ಗಳಲ್ಲಿ ಅದು ಒಂದು ಸ್ಕ್ರೂ ಬಿಚ್ಚಿ ಬದಲಿಸುವ ಎಂ.2 ಪಟ್ಟಿ. ಮ್ಯಾಕ್‌ಬುಕ್ ಏರ್‌ನಲ್ಲಿ ಅದೂ ಬೆಸುಗೆ. ಇಎಂಎಂಸಿ (ಅಗ್ಗದ, ನಿಧಾನದ ಸ್ಟೋರೇಜ್) ಅಂತ ಬರೆದದ್ದು ಕಂಡರೆ ಮುಂದಿನ ಟೇಬಲ್ಲಿಗೆ ಹೋಗಿ.

ಚಿಪ್ಪಿನ ಹೆಸರು ನೋಡಿ ಮೋಸ ಹೋಗಬೇಡಿ. ರೈಜೆನ್ 5 7520ಯು ಅಂದರೆ 7000 ಸರಣಿ, ಹೊಸದು ಅನ್ನಿಸುತ್ತದೆ ಅಲ್ವಾ? ಮೂರನೇ ಅಂಕಿ ನೋಡಿ, 2. ಒಳಗಿರುವುದು ಜೆನ್ 2 ಅನ್ನುವ 2019ರ ವಿನ್ಯಾಸ. 7000 ಸರಣಿಯಲ್ಲಿ ಆ ಜಾಗದಲ್ಲಿ 3 ಅಥವಾ 4 ಇರುವುದನ್ನು ಹುಡುಕಿ.

ಬ್ಯಾಗಿನೊಳಗಿನ ಕುಕ್ಕರ್

ಸಂಜೆ ಮಿಲ್ಲಿನಿಂದ ಹೊರಡುವಾಗ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕುತ್ತೀರಿ. ಮನೆಗೆ ಬಂದು ತೆಗೆದರೆ ಮಷಿನ್ ಕೆಂಡ, ಬ್ಯಾಟರಿ ಅರ್ಧ. ತುಂಬಾ ಜನ ಇದನ್ನು ಮಷಿನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಮೊಬೈಲಿನಂತೆ ಅರೆನಿದ್ದೆಯಲ್ಲಿ ಇರುತ್ತವೆ, ಮಧ್ಯೆ ಎದ್ದು ಅಪ್‌ಡೇಟ್ ಅದು ಇದು ನೋಡುತ್ತವೆ. ಮುಚ್ಚಿದ ಬ್ಯಾಗಿನಲ್ಲಿ, ಅದೂ ಬಿಸಿಲಲ್ಲಿ ಕಾದ ಬ್ಯಾಗಿನಲ್ಲಿ ಎದ್ದರೆ ಕುಕ್ಕರೇ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ, ಮುಚ್ಚಳ ಮುಚ್ಚಿದಾಗ ಏನು ಮಾಡಬೇಕು ಅನ್ನುವಲ್ಲಿ ಸ್ಲೀಪ್ ತೆಗೆದು ಹೈಬರ್ನೇಟ್ (ಕೆಲಸ ಉಳಿಸಿಟ್ಟು ಪೂರ್ತಿ ಆರುವುದು) ಇಡಿ. ತೆರೆಯುವಾಗ ಸ್ವಲ್ಪ ತಡವಾಗುತ್ತದೆ, ಪರವಾಗಿಲ್ಲ. ಸ್ನ್ಯಾಪ್‌ಡ್ರ್ಯಾಗನ್ ಈ ವಿಷಯದಲ್ಲಿ ಮೇಲು, ಮ್ಯಾಕ್ ಎಲ್ಲಕ್ಕಿಂತ ಮೇಲು. ಇದು ಒಪ್ಪಲೇಬೇಕು.

ಬ್ಯಾಟರಿಗೆ ಶತ್ರು ಕಾವು. ಅದರ ಜೊತೆ ಸದಾ 100ರಲ್ಲಿ ಇರುವುದೂ ಸೇರಿದರೆ ಎರಡೇ ವರ್ಷಕ್ಕೆ ಉಬ್ಬಿದ್ದನ್ನು ನೋಡಿದ್ದೇನೆ. ದಿನವಿಡೀ ಚಾರ್ಜಿಗೆ ಹಾಕಿಡುವವರು ಕಂಪನಿಯ ಆಪ್‌ನಲ್ಲಿ 80ಕ್ಕೆ ನಿಲ್ಲಿಸುವ ಆಯ್ಕೆ ಇದೆಯಾ ನೋಡಿಕೊಂಡೇ ತಗೊಳ್ಳಿ. ನಿಂತ ಕಾರಿನ ಸೀಟಿನ ಮೇಲೆ ಮಧ್ಯಾಹ್ನ ಬಿಟ್ಟು ಊಟಕ್ಕೆ ಹೋಗಬೇಡಿ.

ಚಾರ್ಜಿಂಗ್ ಯುಎಸ್‌ಬಿ ಸಿಯಲ್ಲಿ ಆಗಲೇಬೇಕು. ಕರೆಂಟ್ ಹೋದಾಗ 65 ವಾಟ್ ಪವರ್‌ಬ್ಯಾಂಕ್ ಕೈಹಿಡಿಯುತ್ತದೆ, ಮೊಬೈಲಿಗೂ ಅದೇ ಚಾರ್ಜರ್. ಪೋರ್ಟ್ ಕಡಿಮೆ ಅಂತ ಜಾಸ್ತಿ ಅಳಬೇಕಿಲ್ಲ, ಟೋಕನ್‌ಗೆ ಒಂದು ಹಬ್ ಸಾಕು. ಸ್ಕ್ರೀನ್ ಮ್ಯಾಟ್ (ಕನ್ನಡಿಯಂತೆ ಹೊಳೆಯದ್ದು) ಇರಲಿ, ಬೆಳಕು 300 ನಿಟ್ಸ್‌ಗಿಂತ ಕಡಿಮೆ ಬೇಡ.

ದುಡ್ಡು, ರಿಪೇರಿ

ವಾರಂಟಿಯಲ್ಲಿ ಆನ್‌ಸೈಟ್, ಅಂದರೆ ನಿಮ್ಮಲ್ಲಿಗೇ ಬಂದು ರಿಪೇರಿ, ಅನ್ನುವ ಪದ ಹುಡುಕಿ. ಕಂಪನಿಯ ಸೈಟಿನಲ್ಲಿ ನಿಮ್ಮ ಪಿನ್‌ಕೋಡ್ ಹಾಕಿ ನೋಡಿ, 583101 ಇರಲಿ, ಕೊಪ್ಪಳದ 583231 ಇರಲಿ. ಸರ್ವಿಸ್ ಸೆಂಟರ್ ಬೆಂಗಳೂರು, ಹುಬ್ಬಳ್ಳಿ ತೋರಿಸಿದರೆ ಎರಡು ದಿನದ ಕೆಲಸ ಹೋಯಿತು ಅಂತಲೇ ಲೆಕ್ಕ. ವ್ಯಾಪಾರಕ್ಕೆ ತಗೊಳ್ಳುವವರು ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಹಾಕಿಸಿಕೊಳ್ಳಿ. ಕಾಂಪೊಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆ) ಇಲ್ಲದಿದ್ದರೆ 18 ಪರ್ಸೆಂಟ್ ಕ್ರೆಡಿಟ್ ವಾಪಸ್ ಬರುತ್ತದೆ, ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ 40 ಪರ್ಸೆಂಟ್ ಸವಕಳಿಯೂ ಇದೆ. ಇದನ್ನು ಲೆಕ್ಕ ಹಾಕದೆ ಐದು ಸಾವಿರಕ್ಕೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ನಗು.

ಸೆಕೆಂಡ್ ಹ್ಯಾಂಡ್ ಮ್ಯಾಕ್ ಅಗ್ಗಕ್ಕೆ ಸಿಕ್ಕರೆ ಒಳಗೆ ಇಂಟೆಲ್ ಇದೆಯಾ ನೋಡಿ. 2025ರಲ್ಲಿ ಬಂದ ಟಾಹೋ ಇಂಟೆಲ್ ಮ್ಯಾಕ್‌ಗಳಿಗೆ ಸಿಗುವ ಕೊನೆಯ ಮ್ಯಾಕ್ ಒಎಸ್, ಅದೂ ಎಲ್ಲ ಇಂಟೆಲ್ ಮಾಡೆಲ್‌ಗಳಿಗೆ ಇಲ್ಲ. ಎಂ1 ಆದರೆ ಯೋಚಿಸಬಹುದು.

ಅಳಿಯನ ವಿಷಯ ಏನಾಯಿತು ಅಂದರೆ, ಎರಡು ವಾರ ತಲೆ ತಿಂದ. ಮ್ಯಾಕ್ ಮೇಲೆ ಆಸೆ ಇತ್ತು. ರಾಯಲ್ ಸರ್ಕಲ್ ಹತ್ತಿರ ಒಗ್ಗರಣಿ ಮಿರ್ಚಿ ತಿನ್ನುತ್ತಾ ಅವನ ಕೈಯಲ್ಲೇ ಒಂದು ಕಾಗದದ ಮೇಲೆ, ವಾರದಲ್ಲಿ ಯಾವ ಪ್ರೋಗ್ರಾಂ ಎಷ್ಟು ಗಂಟೆ ಬಳಸುತ್ತಾನೆ ಅಂತ ಬರೆಸಿದೆ. ಟ್ಯಾಲಿ ಇಪ್ಪತ್ತೈದು, ಎಕ್ಸೆಲ್ ಹತ್ತು, ಪೋರ್ಟಲ್ ಎಂಟು, ಉಳಿದದ್ದು ಯೂಟ್ಯೂಬ್. ಕಾಗದ ನೋಡಿ ತಾನೇ ಸುಮ್ಮನಾದ. 1.4 ಕೆಜಿಯ ಎಎಂಡಿ ವಿಂಡೋಸ್ ಮಷಿನ್ ತಗೊಂಡ, 16 ಜಿಬಿ ಬೆಸೆದದ್ದು, ಫ್ಯಾನ್ ಇದೆ, ಸಾದಾ ಸ್ಕ್ರೂ. ಬಿಲ್ಲಿನ ಜೊತೆ ಇನ್ನೂರು ರೂಪಾಯಿಯ ಒಂದು ಸ್ಕ್ರೂಡ್ರೈವರ್ ಸೆಟ್ ನಾನು ಕೊಡಿಸಿದೆ. ಅದನ್ನು ಬ್ಯಾಗಿನ ಹೊರಗಿನ ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ, ಇನ್ನೂ ಪ್ಲಾಸ್ಟಿಕ್ ಹರಿದಿಲ್ಲ.